ರೇಡಿಯೇಟರ್ ಫ್ಯಾನಿಗೆ ಕರೆಂಟ್ ಹೋಗುವ ದಾರಿ

ಬಿಡಿಭಾಗಗಳನ್ನು ತಂದು ಕಿಟ್ ಕಾರು ಕಟ್ಟುವವರಾಗಲಿ, ಹಳೆಯ ಜೀಪಿಗೆ ಬೇರೆ ಇಂಜಿನ್ ಕೂರಿಸುವವರಾಗಲಿ, ಕೊನೆಗೆ ಉಳಿಸಿಕೊಳ್ಳುವ ಕೆಲಸ ವೈರಿಂಗ್. ಬಣ್ಣ ಹೊಡೆಸಿ, ಸೀಟು ಹೊಲಿಸಿ, ಕಡೆಗೆ ಫ್ಯಾನಿನ ವೈರನ್ನು ಇಗ್ನಿಷನ್ ಸ್ವಿಚ್ಚಿಗೆ ಸುತ್ತಿಬಿಟ್ಟರೆ ಡಿಸೆಂಬರಿನಲ್ಲಿ ಬಂಡಿ ಚೆನ್ನಾಗಿಯೇ ಓಡುತ್ತದೆ. ಏಪ್ರಿಲ್ ಬಿಸಿಲಲ್ಲಿ ದಾವಣಗೆರೆಯ ಪಿ.ಬಿ. ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ, ಇಲ್ಲವೇ ಚಿತ್ರದುರ್ಗದ ಜೋಗಿಮಟ್ಟಿ ಏರಿನಲ್ಲಿ ಒಂದನೇ ಗೇರಿನಲ್ಲಿ ತೆವಳುವಾಗ ಅಸಲು ಗೊತ್ತಾಗುತ್ತದೆ. ಹೆದ್ದಾರಿಯ ವೇಗದಲ್ಲಿ ಎದುರುಗಾಳಿಯೇ ರೇಡಿಯೇಟರಿಗೆ ಸಾಕು. ಫ್ಯಾನ್ ಬೇಕಾಗುವುದು ನಿಂತಾಗ, ನಿಧಾನವಾದಾಗ. ಆಲ್ಟರ್ನೇಟರ್ ಕಡಿಮೆ ಕರೆಂಟ್ ಕೊಡುವುದೂ ಅದೇ ಹೊತ್ತಿನಲ್ಲಿ. ಹಾಗಾಗಿ ದಾರಿಯಲ್ಲಿ ಅರ್ಧ ವೋಲ್ಟ್ ಸೋರಿದರೂ ಅದು ಲೆಕ್ಕಕ್ಕೆ ಬರುತ್ತದೆ.

12 ಇಂಚಿನ ಫ್ಯಾನ್ ಓಡುವಾಗ ಸುಮಾರು 8ರಿಂದ 12 ಆಂಪಿಯರ್ ಎಳೆಯುತ್ತದೆ, 14 ಇಂಚಿನದು 15ರ ಆಸುಪಾಸು. ತಿರುಗಲು ಶುರುವಾಗುವ ಕ್ಷಣದಲ್ಲಿ ಇದರ ಎರಡು ಮೂರು ಪಟ್ಟು. ಈ ಭಾರವನ್ನು ಇಗ್ನಿಷನ್ ಸ್ವಿಚ್ಚಾಗಲಿ, ನೀರು ಕಾದಾಗ ತಾನೇ ಆನ್ ಆಗುವ ಥರ್ಮೋ ಸ್ವಿಚ್ಚಾಗಲಿ ಬಹಳ ದಿನ ಹೊರಲಾರದು, ಕಾಂಟ್ಯಾಕ್ಟ್ ಸುಟ್ಟುಹೋಗುತ್ತದೆ. ಅದಕ್ಕೇ ರಿಲೇ: ತೆಳು ವೈರಿನ ಸಣ್ಣ ಕರೆಂಟ್ ಅದರೊಳಗಿನ ಕಾಯಿಲಿಗೆ ಹೋದರೆ ದಪ್ಪ ವೈರಿನ ದೊಡ್ಡ ಕರೆಂಟಿನ ದಾರಿ ಕೂಡುತ್ತದೆ. 12 ವೋಲ್ಟಿನ, 30 ಇಲ್ಲವೇ 40 ಆಂಪಿಯರಿನ ಸಾಮಾನ್ಯ ರಿಲೇಯನ್ನು ಹೋಲ್ಡರ್ ಸಮೇತ ತನ್ನಿ. ಅದರ ಪಿನ್ನುಗಳ ಪಕ್ಕದಲ್ಲಿ 30, 85, 86, 87 ಎಂಬ ಅಂಕಿಗಳಿರುತ್ತವೆ. ಬ್ಯಾಟರಿ ಪಾಸಿಟಿವ್‌ನಿಂದ ಫ್ಯೂಸ್ ಮೂಲಕ ಬರುವ ದಪ್ಪ ವೈರ್ 30ಕ್ಕೆ, 87ರಿಂದ ಫ್ಯಾನಿನ ಪಾಸಿಟಿವ್‌ಗೆ. ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ತೆಳು ವೈರ್ 86ಕ್ಕೆ. 85ರಿಂದ ಹೊರಟದ್ದು ಥರ್ಮೋ ಸ್ವಿಚ್ ಹಾದು ಅರ್ಥ್, ಅಂದರೆ ಬ್ಯಾಟರಿ ನೆಗೆಟಿವ್‌ಗೆ ಮರಳುವ ದಾರಿ, ಸೇರಬೇಕು. ರಿಲೇ ಕಾಯಿಲ್ ಎಳೆಯುವುದು 0.2 ಆಂಪಿಯರಿಗಿಂತ ಹೆಚ್ಚಿಲ್ಲ, ಅಲ್ಲಿಗೆ 0.75 ಚದರ ಮಿ.ಮೀ. ವೈರ್ ಧಾರಾಳವಾಯಿತು. ಐದು ಪಿನ್ನಿನ ರಿಲೇಯಾದರೆ ನಡುವಿನ ಪಿನ್ನನ್ನು ನೋಡಿ. ಅದರ ಮೇಲೆ 87ಎ ಎಂದಿದ್ದರೆ ಮುಟ್ಟಬೇಡಿ. ಅದಕ್ಕೆ ಫ್ಯಾನ್ ಕೊಟ್ಟರೆ ಬ್ಯಾಟರಿ ಜೋಡಿಸಿದೊಡನೆ ತಿರುಗಿ, ಇಂಜಿನ್ ಕಾದಾಗ ಸರಿಯಾಗಿ ನಿಲ್ಲುತ್ತದೆ! ರಿಲೇಯ ಪಿನ್ನುಗಳು ಕೆಳಮುಖವಾಗಿರಲಿ, ಮಳೆನೀರು ಒಳಗೆ ನಿಲ್ಲುವುದಿಲ್ಲ.

ಫ್ಯೂಸ್ ಇರುವುದು ವೈರನ್ನು ಕಾಯಲು, ಮೋಟಾರನ್ನಲ್ಲ. ಹಾಗಾಗಿ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಫ್ಯಾನ್ ಹತ್ತಿರ ಹಾಕಿದರೆ ನಡುವಿನ ವೈರ್ ಚಾಸಿಗೆ ಉಜ್ಜಿ ಶಾರ್ಟ್ ಆದಾಗ ಅದು ಸುಮ್ಮನೆ ನೋಡುತ್ತಾ ಕೂರುತ್ತದೆ. 12 ಇಂಚಿಗೆ 20 ಆಂಪಿಯರ್, 14 ಇಂಚಿಗೆ 25 ಸರಿಹೋಗುತ್ತದೆ.

ಇನ್ನು ವೈರಿನ ದಪ್ಪ. ಬ್ಯಾಟರಿಯಿಂದ ಫ್ಯಾನಿಗೆ 3 ಮೀಟರ್, ವಾಪಸ್ ಅರ್ಥ್‌ಗೆ 3 ಮೀಟರ್ ಎಂದುಕೊಳ್ಳಿ. 15 ಆಂಪಿಯರ್ ಹರಿಯುವಾಗ 1 ಚದರ ಮಿ.ಮೀ. ತಾಮ್ರದ ವೈರ್ 1.6 ವೋಲ್ಟ್ ತಿಂದುಹಾಕುತ್ತದೆ. 2.5 ಚದರ ಮಿ.ಮೀ. ಆದರೆ 0.6, 4 ಚದರ ಮಿ.ಮೀ. ಆದರೆ 0.4. ಮೊದಲನೆಯದರಲ್ಲೂ ಫ್ಯಾನ್ ತಿರುಗುತ್ತದೆ, ಸದ್ದೂ ಬರುತ್ತದೆ, ಗಾಳಿ ಮಾತ್ರ ಸಾಲದು. ಜನ ರೇಡಿಯೇಟರನ್ನು ಬೈಯುತ್ತಾರೆ. 4 ಚದರ ಮಿ.ಮೀ. ಹಾಕಿ, ಅದೂ ಸಣ್ಣ ಎಳೆಗಳ ಆಟೋ ವೈರ್. ಮನೆಗೆ ಎಳೆದು ಉಳಿದ ವೈರನ್ನು ತಂದು ಹಾಕುವ ಚಾಳಿ ಇದೆ. ಅದರ ದಪ್ಪ ಎಳೆಗಳು ಇಂಜಿನ್ ಅದುರಿಗೆ ಲಗ್ಗಿನ (ವೈರಿನ ತುದಿಯ ಲೋಹದ ಕೊಂಡಿ) ಬುಡದಲ್ಲೇ ತುಂಡಾಗುತ್ತವೆ, ಇಂಜಿನ್ ಬಿಸಿಗೆ ಹೊದಿಕೆ ಮೆತ್ತಗಾಗುತ್ತದೆ. ಲಗ್ಗನ್ನು ಕ್ರಿಂಪ್ ಮಾಡಿ, ಅಂದರೆ ವೈರಿನ ಮೇಲೆ ಇಕ್ಕಳದಲ್ಲಿ ಅದುಮಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ವೈರ್ ತಿರುಚಿ ಟೇಪು ಸುತ್ತುವುದು ಜಾಯಿಂಟ್ ಅಲ್ಲ.

ಕಿಟ್ ಕಾರಿನಲ್ಲಿ ಕಾಡುವುದು ಮುಖ್ಯವಾಗಿ ಅರ್ಥ್. ಬಾಡಿ ಫೈಬರಿನದು, ರೇಡಿಯೇಟರ್ ಕೂತಿರುವುದು ರಬ್ಬರ್ ಬುಷ್ ಮೇಲೆ, ಅದರ ಟ್ಯಾಂಕ್ ಪ್ಲಾಸ್ಟಿಕ್ಕಿನದು. ಕರೆಂಟ್ ಬ್ಯಾಟರಿಗೆ ಮರಳಲು ದಾರಿಯೇ ಇಲ್ಲ. ಒಂದೇ ಟರ್ಮಿನಲ್ಲಿನ ಥರ್ಮೋ ಸ್ವಿಚ್ ತನ್ನ ಮೈಯಿಂದಲೇ ಅರ್ಥ್ ಹುಡುಕುತ್ತದೆ. ಹೋಸ್ ಕತ್ತರಿಸಿ ನಡುವೆ ಅಲ್ಯೂಮಿನಿಯಂ ಅಡಾಪ್ಟರ್ ಸೇರಿಸಿ ಅದಕ್ಕೆ ಈ ಸ್ವಿಚ್ ಹಾಕಿದರೆ ಎರಡೂ ಕಡೆ ರಬ್ಬರ್, ಫ್ಯಾನ್ ಹುಟ್ಟಿದ ಮೇಲೆ ತಿರುಗುವುದೇ ಇಲ್ಲ. ಎರಡು ಟರ್ಮಿನಲ್ಲಿನ ಸ್ವಿಚ್ ತಂದು ಒಂದನ್ನು ವೈರಿನಿಂದ ಅರ್ಥ್‌ಗೆ ಕೊಟ್ಟರೆ ತಕರಾರು ಮುಗಿಯಿತು. ಫ್ಯಾನಿನ ನೆಗೆಟಿವ್ ಕೂಡ ಅದೇ 4 ಚದರ ಮಿ.ಮೀ. ವೈರಿನಲ್ಲಿ ಬ್ಯಾಟರಿ ನೆಗೆಟಿವ್‌ಗೋ, ಚಾಸಿಯಲ್ಲಿ ಬಣ್ಣ ಕೆರೆದು ಕಬ್ಬಿಣ ಕಾಣಿಸಿದ ಜಾಗಕ್ಕೋ ಹೋಗಲಿ.

ಥರ್ಮೋ ಸ್ವಿಚ್ಚಿನ ಮೇಲೆ 92-87 ಎಂದಿದ್ದರೆ 92 ಡಿಗ್ರಿಗೆ ಆನ್, 87ಕ್ಕೆ ಆಫ್. ಇದರ ಜಾಗ ರೇಡಿಯೇಟರಿನಿಂದ ತಣಿದ ನೀರು ಹೊರಡುವ ಕಡೆ. ಅಲ್ಲಿ ನೀರು ಕಾದಿದೆ ಎಂದರೆ ರೇಡಿಯೇಟರಿಗೆ ಗಾಳಿ ಸಾಲುತ್ತಿಲ್ಲ ಎಂದೇ ಅರ್ಥ. ಅದೇ ಸ್ವಿಚ್ಚನ್ನು ಇಂಜಿನ್ನಿನಿಂದ ಬಿಸಿ ನೀರು ಬರುವ ಮೇಲಿನ ಹೋಸಿನಲ್ಲಿಟ್ಟು, ಇಂಜಿನ್ನಿಗೆ 88 ಡಿಗ್ರಿಯ ಥರ್ಮೋಸ್ಟ್ಯಾಟ್ (ನೀರು ಅಷ್ಟು ಕಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ಕವಾಟ) ಹಾಕಿದ್ದರೆ ಆ ಹೋಸಿನ ನೀರು 87ಕ್ಕೆ ಇಳಿಯುವುದೇ ಅಪರೂಪ. ಒಮ್ಮೆ ಶುರುವಾದ ಫ್ಯಾನ್ ಹೆದ್ದಾರಿಯಲ್ಲೂ ತಿರುಗುತ್ತಲೇ ಇರುತ್ತದೆ.

ಸ್ವಿಚ್ಚನ್ನು ಕೂರಿಸುವ ಮೊದಲು ಪಾತ್ರೆಯ ನೀರಲ್ಲಿ ತೂಗುಬಿಟ್ಟು, ಥರ್ಮಾಮೀಟರ್ ಇಟ್ಟು, ಮಲ್ಟಿಮೀಟರಿನ ಬೀಪ್ ಕೇಳಿ ಪರೀಕ್ಷಿಸಬಹುದು. ಒಂದು ಮಾತು: ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ದುರ್ಗ ಅದಕ್ಕಿಂತ ಮೇಲೆ. ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಹತ್ತಿರವೇ ಕುದಿಯುತ್ತದೆ, ಅದರಾಚೆ ಏರುವುದಿಲ್ಲ. 100ಕ್ಕೆ ಆನ್ ಆಗುವ ಸ್ವಿಚ್ಚನ್ನು ಹೀಗೆ ಪರೀಕ್ಷಿಸಿ ಕೆಟ್ಟಿದೆ ಎಂದು ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲಬೇಡಿ. ರೇಡಿಯೇಟರಿನೊಳಗಿನ ಮಾತು ಬೇರೆ. 0.9 ಬಾರ್ ಕ್ಯಾಪ್ ಇದ್ದರೆ ಬರೀ ನೀರು ಕೂಡ 117ರ ಆಸುಪಾಸಿಗೆ ತಲುಪುವ ತನಕ ಕುದಿಯುವುದಿಲ್ಲ.

ಕೀ ತೆಗೆದ ಮೇಲೂ ಇಂಜಿನ್ ಒಂದೆರಡು ಸೆಕೆಂಡು ಓಡುತ್ತದೆ ಎಂಬ ದೂರು ಬಂದರೆ ಫ್ಯಾನಿನ ಮೇಲೇ ಅನುಮಾನಿಸಿ. ಇನ್ನೂ ತಿರುಗುತ್ತಿರುವ ಮೋಟಾರ್ ಡೈನಮೋ ಆಗಿಬಿಡುತ್ತದೆ. 30ಕ್ಕೆ ಬ್ಯಾಟರಿಯಿಂದ ನೇರ ಕೊಡದೆ ಇಗ್ನಿಷನ್ ಲೈನಿನಿಂದ ಎಳೆದಿದ್ದರೆ ಆ ಕರೆಂಟ್ ಹಿಂದಕ್ಕೆ ಹರಿದು ಇಗ್ನಿಷನ್ ಕಾಯಿಲಿಗೆ ಹೋಗುತ್ತದೆ. ಮೇಲೆ ಹೇಳಿದ ಜೋಡಣೆಯಲ್ಲಿ ಈ ತೊಂದರೆಯಿಲ್ಲ. ರಿಲೇ ಕಾಯಿಲಿಗೆ ಅಡ್ಡಲಾಗಿ, 85ಕ್ಕೂ 86ಕ್ಕೂ ನಡುವೆ, ಒಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ), ಬಿಳಿ ಪಟ್ಟಿ 86ರ ಕಡೆಗೆ ಇರುವಂತೆ ಹಾಕಿದರೆ ಥರ್ಮೋ ಸ್ವಿಚ್ಚಿನ ಆಯಸ್ಸು ಹೆಚ್ಚುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಥರ್ಮೋ ಸ್ವಿಚ್ಚಿಗೆ ಸಮಾಂತರವಾಗಿ ಒಂದು ಕೈ ಸ್ವಿಚ್ಚೂ ಇರಲಿ. ಥರ್ಮೋ ಸ್ವಿಚ್ ಕೈಕೊಟ್ಟ ದಿನ ಮನೆ ಮುಟ್ಟಬಹುದು.

ಫ್ಯಾನ್ ರೇಡಿಯೇಟರಿನ ಹಿಂದಿದ್ದರೆ ಗಾಳಿ ಎಳೆಯಬೇಕು, ಮುಂದಿದ್ದರೆ ತಳ್ಳಬೇಕು. ವೈರ್ ಅದಲು ಬದಲಾದರೆ ಉಲ್ಟಾ ತಿರುಗಿ ಎದುರುಗಾಳಿಯ ಜೊತೆ ಗುದ್ದಾಡುತ್ತದೆ. ಫ್ಯಾನ್ ಹಿಂದಿದ್ದಾಗ ಮುಂಭಾಗಕ್ಕೆ ಒಂದು ಕಾಗದ ಹಿಡಿಯಿರಿ, ಅಂಟಿಕೊಂಡರೆ ಸರಿ. ರೇಡಿಯೇಟರಿನ ಜಾಲಿಯೊಳಗೇ ಪ್ಲಾಸ್ಟಿಕ್ ಕಡ್ಡಿ ತೂರಿಸಿ ಫ್ಯಾನ್ ಕಟ್ಟುವ ಕಿಟ್ ಅಗ್ಗ. ಆದರೆ ಅದುರಿಗೆ ಆ ಕಡ್ಡಿಯೇ ಟ್ಯೂಬನ್ನು ತೂತು ಮಾಡುತ್ತದೆ. ಅಲ್ಯೂಮಿನಿಯಂ ಪಟ್ಟಿಯಲ್ಲಿ ಫ್ರೇಮಿಗೆ ಕಟ್ಟಿ.

ಎಲ್ಲ ಮುಗಿದ ಮೇಲೆ ಹೆಡ್‌ಲೈಟ್ ಹಾಕಿ, ಇಂಜಿನ್ ಐಡಲಿನಲ್ಲಿ ಬಿಟ್ಟು, ಫ್ಯಾನ್ ತಿರುಗುವಾಗ ಬ್ಯಾಟರಿ ಪಾಸಿಟಿವ್‌ಗೂ ಫ್ಯಾನ್ ಪಾಸಿಟಿವ್‌ಗೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. ನೆಗೆಟಿವ್ ಕಡೆಯೂ ಹಾಗೆಯೇ. ಒಂದೊಂದು ಕಡೆ 0.3 ವೋಲ್ಟಿನವರೆಗೆ ಒಪ್ಪಬಹುದು, ಅರ್ಧ ದಾಟಿದರೆ ಯಾವುದೋ ಜಾಯಿಂಟ್ ಬಿಸಿಯಾಗುತ್ತಿದೆ, ಕೈಯಿಟ್ಟರೆ ಗೊತ್ತಾಗುತ್ತದೆ. ಬ್ಯಾಟರಿಯ ಮೇಲೆ 13 ವೋಲ್ಟಿಗಿಂತ ಕೆಳಗೆ ಇಳಿಯುತ್ತಿದ್ದರೆ ಆಲ್ಟರ್ನೇಟರ್ ಸಾಲದು. ಫ್ಯಾನ್ ಆನ್ ಆಗಿ, ಆಫ್ ಆಗಿ, ಮತ್ತೆ ಆನ್ ಆಗುವ ತನಕ ಕಾಯಿರಿ. ಟೆಂಪರೇಚರ್ ಮೀಟರಿನ ಕಾಟಾ (ಮುಳ್ಳು) ಏರಿದರೂ ಆನ್ ಆಗದಿದ್ದರೆ ಸ್ವಿಚ್ಚಿನ ಬಳಿ ಗಾಳಿ ಸಿಕ್ಕಿಕೊಂಡಿರಬಹುದು. ಅದು ನೀರಲ್ಲಿ ಮುಳುಗಿದ್ದರಷ್ಟೇ ಬಿಸಿ ತಿಳಿಯುತ್ತದೆ. ಆನ್ ಆದದ್ದು ಆಫ್ ಆಗದಿದ್ದರೆ ಜಾಲಿ ನೋಡಿ. ಮೆಕ್ಕೆಜೋಳವನ್ನು ರಸ್ತೆ ಮೇಲೆ ಒಣಹಾಕುವ ತಿಂಗಳುಗಳಲ್ಲಿ ಹೊಟ್ಟು ಹಾರಿ ರೇಡಿಯೇಟರಿಗೆ ಚಾಪೆಯಂತೆ ಕೂತಿರುತ್ತದೆ. ಅದನ್ನು ಇಂಜಿನ್ ಕಡೆಯಿಂದ ಮುಂದಕ್ಕೆ, ಸಾಧಾರಣ ಪೈಪಿನ ನೀರಲ್ಲಿ ತೊಳೆಯಿರಿ. ಸರ್ವಿಸ್ ಗನ್ ಹಿಡಿದರೆ ಜಾಲಿಯ ತೆಳು ತಗಡಿನ ಫಿನ್ನುಗಳು ಮಡಿಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ.