ಸಿರಪ್ ಹಾಕಿ ಎರಡೇ ತಾಸಿಗೆ ಜ್ವರ ಮತ್ತೆ ಏರಿದರೆ?

"ಸರ್, ಎರಡು ತಾಸಿನ್ಯಾಗ ಜ್ವರ ಮತ್ತ ಏರ್ಯಾವ. ಔಷಧ ಇನ್ನೊಮ್ಮೆ ಹಾಕ್ಲೇನ್ರಿ?"

ಕಲಬುರಗಿಯಲ್ಲಿ ಮಳೆ ಶುರುವಾದರೆ ಸಾಕು, ಮತ್ತೆ ಇದೇ ಪ್ರಶ್ನೆ. ಉತ್ತರವೂ ಅದೇ: ಬೇಡ. ಪ್ಯಾರಾಸಿಟಮಾಲ್ ಎರಡು ಡೋಸ್ ನಡುವೆ 4ರಿಂದ 6 ತಾಸು ಬಿಡಬೇಕು, ದಿನಕ್ಕೆ ನಾಲ್ಕು ಸಲ ಮೀರಬಾರದು. ಅಳತೆ ತೂಕದ ಮೇಲೆ, ಕಿಲೋಗೆ 10ರಿಂದ 15 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ ಒಮ್ಮೆಗೆ ಹೆಚ್ಚೆಂದರೆ 150 ಮಿಲಿಗ್ರಾಂ. ಅದು 5 ಎಂ.ಎಲ್.ಗೆ 125 ಇರುವ ಬಾಟಲಿಯಲ್ಲಿ 6 ಎಂ.ಎಲ್., 250 ಇರುವುದರಲ್ಲಿ ಬರೀ 3. ಪಕ್ಕದ ಮನೆಯ ಬಾಟಲಿ ತಂದಿದ್ದರೆ ಮೊದಲು ಲೇಬಲ್ ಓದಿ. ನೆಗಡಿ ಸಿರಪ್‌ನಲ್ಲೂ ಎಷ್ಟೋ ಸಲ ಪ್ಯಾರಾಸಿಟಮಾಲ್ ಇರುತ್ತದೆ. ಎರಡೂ ಹಾಕಿದರೆ ಡಬಲ್ ಆಯ್ತು, ಲಿವರ್‌ಗೆ ಪೆಟ್ಟು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನಿಂದ ಅಜ್ಜಿಯ ದನಿ: "ಸುಮ್ನ ಕುಂತ್ರ ಜ್ವರ ನೆತ್ತಿಗೇರ್ತಾವ, ಫಿಟ್ಸ್ ಬರ್ತಾವ."

ಅಮ್ಮಾ, ಜ್ವರ ನೆತ್ತಿಗೆ ಏರುವುದಿಲ್ಲ. ಮೈ ಎಷ್ಟು ಕಾಯಬೇಕು ಅಂತ ತೀರ್ಮಾನಿಸುವುದೇ ಮೆದುಳು. ಸೋಂಕು ಬಂದಾಗ ಅದೇ ಬಿಸಿ ಏರಿಸುತ್ತದೆ, 106 ಡಿಗ್ರಿ ದಾಟುವುದು ಅಪರೂಪ. ಇನ್ನು ಫಿಟ್ಸ್. 6 ತಿಂಗಳಿಂದ 5 ವರ್ಷದ ಮಕ್ಕಳಲ್ಲಿ ನೂರಕ್ಕೆ 2ರಿಂದ 5 ಮಕ್ಕಳಿಗೆ ಜ್ವರದಲ್ಲಿ ಬರುತ್ತದೆ, ನಿಜ. ಆದರೆ ಪ್ಯಾರಾಸಿಟಮಾಲ್ ಅದನ್ನು ತಡೆಯುವುದಿಲ್ಲ! ಎಷ್ಟೋ ಮಕ್ಕಳಿಗೆ ಫಿಟ್ಸ್ ಬಂದ ಮೇಲೇ ಜ್ವರ ಇದೆ ಅಂತ ಮನೆಯವರಿಗೆ ಗೊತ್ತಾಗುತ್ತದೆ. ಆಗ ಔಷಧ ಹಾಕುವುದು ಯಾವಾಗ? ಬಂದರೆ ಮಗುವನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ಇಡಬೇಡಿ, ಚಮಚವನ್ನಂತೂ ಬೇಡವೇ ಬೇಡ. ನಿಂತರೂ ಡಾಕ್ಟರಿಗೆ ತೋರಿಸಿ. 5 ನಿಮಿಷ ದಾಟಿದರೆ ಕಾಯದೆ ಆಸ್ಪತ್ರೆಗೆ ಓಡಿ.

ಔಷಧ ಹಾಕುವುದು ಮಗುವಿಗೆ ಸ್ವಲ್ಪ ಹಾಯೆನಿಸಲಿ ಅಂತ, ಥರ್ಮಾಮೀಟರ್‌ನ ಅಂಕಿ ಇಳಿಸಲಿಕ್ಕಲ್ಲ. 101 ಇದ್ದೂ ಆಡುತ್ತಿದ್ದರೆ ಆಡಲಿ ಬಿಡಿ. 100 ಇದ್ದೂ ಮಂಕಾಗಿ ಬಿದ್ದಿದ್ದರೆ, ನೀರು ಕುಡಿಯದಿದ್ದರೆ, ಉಚ್ಚೆ ಕಡಿಮೆಯಾದರೆ ತಡ ಮಾಡಬೇಡಿ. ಮೂರು ತಿಂಗಳೊಳಗಿನ ಕೂಸಾದರೆ 100.4 ಕಂಡ ಕೂಡಲೇ ಹೊರಡಿ. ಡೆಂಗಿ ಅನುಮಾನವಿದ್ದರೆ ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಇರುವ ಜ್ವರದ ಔಷಧ ಮುಟ್ಟಬೇಡಿ, ರಕ್ತಸ್ರಾವದ ಭಯ ಜಾಸ್ತಿ.

ಇನ್ನೊಂದು ಮಾತು. ಇದನ್ನು ಯಾರೂ ಕೇಳುವುದಿಲ್ಲ, ಆದರೆ ನಮ್ಮೂರಲ್ಲಿ ಕೇಳಲೇಬೇಕು. ಮೇ ತಿಂಗಳ ಬಿಸಿಲಲ್ಲಿ ಆಡಿ ಬಂದ ಮಗುವಿನ ಮೈ ಕೆಂಡವಾಗಿ, ಮಾತು ತೊದಲಿದರೆ ಅದು ಜ್ವರವಲ್ಲ, ಬಿಸಿಲಿನ ಹೊಡೆತ. ಅಲ್ಲಿ ಬಿಸಿ ಏರಿಸಿದ್ದು ಮೆದುಳಲ್ಲ, ಹೊರಗಿನ ಝಳ. ಹಾಗಾಗಿ ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ. ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಹಾಕಿ, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಹೋಗಿ.