ಸಾಂದ್ರತಾವಲಂಬನೆ: ಗುಂಪು ಬೆಳೆದಷ್ಟೂ ಬಿಗಿಯುವ ಕಡಿವಾಣ

ಇಷ್ಟು ಜಾಗದಲ್ಲಿ ಒಂದು ಜಾತಿಯ ಜೀವಿಗಳು ಎಷ್ಟಿವೆ ಎಂಬ ಲೆಕ್ಕವೇ ಸಾಂದ್ರತೆ. ಅದು ಏರಿದಂತೆ ತಲಾ ಹುಟ್ಟು ಕುಗ್ಗಿದರೆ, ತಲಾ ಸಾವು ಹೆಚ್ಚಿದರೆ ಅಥವಾ ಇದ್ದವು ಜಾಗ ಬಿಟ್ಟು ಹೊರಟರೆ, ಅದಕ್ಕೆ ಸಾಂದ್ರತಾವಲಂಬನೆ ಎಂದು ಹೆಸರು. ಇಲ್ಲಿ 'ತಲಾ' ಎಂಬ ಮಾತನ್ನು ಬಿಟ್ಟರೆ ಅರ್ಥವೇ ಕೆಡುತ್ತದೆ. ಹೆಚ್ಚು ಇದ್ದಲ್ಲಿ ಹೆಚ್ಚು ಸಾಯುವುದು ಸಹಜ. ನೂರಕ್ಕೆ ಎಷ್ಟು ಸತ್ತವು ಎಂಬ ಪಾಲು ಏರುತ್ತಿದೆಯೇ ಎಂದು ನೋಡಬೇಕು.

ಮಂಡ್ಯದ ನಾಲೆ ಬಯಲಿನ ಭತ್ತದ ಗದ್ದೆಯಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ತೆಂಡೆ ತುಂಬಿದ ಪೈರನ್ನು ಎರಡೂ ಕೈಯಲ್ಲಿ ಬಿಡಿಸಿ ಬುಡ ನೋಡಿ. ನೀರಿನ ಮಟ್ಟದಿಂದ ತುಸು ಮೇಲೆ, ನೆರಳಲ್ಲಿ, ಕಂದು ಜಿಗಿಹುಳು ಕೂತು ರಸ ಹೀರುತ್ತಿರುತ್ತದೆ. ಮೊದಲು ಹಾರಿ ಬಂದವು ಉದ್ದ ರೆಕ್ಕೆಯವು. ಮೇವು ಸಮೃದ್ಧವಾಗಿ, ಸಂದಣಿ ಕಡಿಮೆಯಿದ್ದರೆ ಅವುಗಳ ಸಂತಾನದಲ್ಲಿ ಮೋಟು ರೆಕ್ಕೆಯ ಹೆಣ್ಣುಗಳೇ ಜಾಸ್ತಿ. ಅವು ಹಾರಲಾರವು, ಬೇಗ ಮೊಟ್ಟೆ ಇಡುತ್ತವೆ, ಹೆಚ್ಚು ಇಡುತ್ತವೆ. ಬುಡದಲ್ಲಿ ಹುಳು ಕಿಕ್ಕಿರಿದು ಪೈರು ಸೊರಗತೊಡಗಿದಾಗ ಮರಿಗಳು ಮತ್ತೆ ಉದ್ದ ರೆಕ್ಕೆ ಬೆಳೆಸಿಕೊಂಡು ಬೇರೆ ಗದ್ದೆಗೆ ಹಾರುತ್ತವೆ. ಹಿಂದೆ ಉಳಿಯುವುದು ಸುಟ್ಟಂತೆ ಒಣಗಿದ ದುಂಡನೆಯ ತೇಪೆ. ಸಂದಣಿ ಹುಳುವಿನ ಮೈಕಟ್ಟನ್ನೇ ಬದಲಿಸುವ ಇಂಥ ಉದಾಹರಣೆ ಕೈಗೆಟುಕುವಷ್ಟು ಹತ್ತಿರದಲ್ಲಿ ಸಿಗುವುದು ಅಪರೂಪ.

ಈ ಕಡಿವಾಣವನ್ನು ಬೆಲ್ಜಿಯಂನ ಗಣಿತಜ್ಞ ವೆರ್‌ಹಲ್ಸ್ಟ್ 1838ರಲ್ಲಿ ಸೂತ್ರಕ್ಕೆ ಇಳಿಸಿದ. ಒಂದು ಜಾಗ 1000 ಜೀವಿಗಳನ್ನು ಸಾಕಬಲ್ಲದು ಎನ್ನಿ. ಅದು ಧಾರಣ ಸಾಮರ್ಥ್ಯ. ಅಡ್ಡಿಯಿಲ್ಲದಾಗ ತಲಾ ಬೆಳವಣಿಗೆ ವರ್ಷಕ್ಕೆ 0.5 ಇರಲಿ. ಖಾಲಿ ಉಳಿದ ಜಾಗದ ಪಾಲಿನಿಂದ ಅದನ್ನು ಗುಣಿಸಬೇಕು. ಬಂದ ತಲಾ ಲೆಕ್ಕವನ್ನು ಇರುವ ಸಂಖ್ಯೆಯಿಂದ ಗುಣಿಸಿದರೆ, 100 ಇದ್ದಾಗ ವರ್ಷಕ್ಕೆ ಹೆಚ್ಚುವುದು 45. 500 ಇದ್ದಾಗ 125, ಇದೇ ಗರಿಷ್ಠ. 900 ಇದ್ದಾಗ ಮತ್ತೆ 45. ಮೊದಲ ಮತ್ತು ಕೊನೆಯ ಮೊತ್ತ ಒಂದೇ ಆದರೂ ತಲಾ ಲೆಕ್ಕ 0.45ರಿಂದ 0.05ಕ್ಕೆ ಕುಸಿದಿದೆ.

ಧಾರಣ ಸಾಮರ್ಥ್ಯವನ್ನು ಕಲ್ಲಿನ ಮೇಲಿನ ಗೆರೆ ಎಂದುಕೊಳ್ಳುವುದು ದೊಡ್ಡ ತಪ್ಪು. ಯೂರಿಯಾ ಅತಿಯಾದರೆ ಪೈರಿನ ರಸ ಜಿಗಿಹುಳುವಿಗೆ ಪುಷ್ಟಿಯಾಗುತ್ತದೆ, ಮಿತಿ ಮೇಲೇರುತ್ತದೆ. ಹುಳು ಹೆಚ್ಚಿದಂತೆ ಜೇಡ, ಮಿರಿಡ್ ತಿಗಣೆಗಳೂ ಅಲ್ಲಿಗೆ ಸೇರಿ ಹೆಚ್ಚು ತಿನ್ನುತ್ತವೆ. ಇದೂ ಸಾಂದ್ರತೆಯ ಕಡಿವಾಣವೇ. ಆದರೆ ಜೇಡದ ಹೊಟ್ಟೆಗೂ ಅಳತೆಯಿದೆ. ಅದು ತುಂಬಿದ ಮೇಲೆ ಹುಳು ಇನ್ನೂ ಹೆಚ್ಚಿದರೆ ಒಂದೊಂದರ ಅಪಾಯ ಕಡಿಮೆಯೇ ಆಗುತ್ತದೆ. ಕಂಡಕಂಡ ಕೀಟನಾಶಕ ಹೊಡೆದು ಜೇಡಗಳನ್ನೇ ಕೊಂದರೆ, ಪೈರಿನ ಒಳಗಿದ್ದ ಮೊಟ್ಟೆಗಳು ಒಡೆದು ಹುಳು ಮೊದಲಿಗಿಂತ ಜೋರಾಗಿ ಏಳುತ್ತದೆ. ಆದ್ದರಿಂದಲೇ 20×10 ಸೆಂ.ಮೀ. ಅಂತರದ ನಾಟಿ (ಚದರ ಮೀಟರಿಗೆ 50 ಗುತ್ತಿ), ಪ್ರತಿ 2–3 ಮೀಟರಿಗೆ ಗಾಳಿ ಬೆಳಕಿಗೆ 30 ಸೆಂ.ಮೀ. ಹಾದಿ, ಸಾರಜನಕವನ್ನು ಕಂತಿನಲ್ಲಿ ಕೊಡುವುದು, ಹುಳು ಕಂಡಾಗ ನೀರು ಬಸಿಯುವುದು. ಗುತ್ತಿಗೆ 5ರಿಂದ 10 ಹುಳು ಮುಟ್ಟುವವರೆಗೆ ಸಿಂಪಡಣೆ ಬೇಡ.

ಸಾಂದ್ರತೆಯನ್ನು ಕೇಳದ ಕಾರಣಗಳೂ ಇವೆ. ಕೆಆರ್‌ಎಸ್‌ನಿಂದ ಭಾರಿ ನೀರು ಬಿಟ್ಟರೆ ರಂಗನತಿಟ್ಟಿನ ತಗ್ಗಿನ ದ್ವೀಪಗಳು ಮುಳುಗುತ್ತವೆ. ಅಲ್ಲಿ ಹತ್ತು ಗೂಡಿರಲಿ, ನೂರಿರಲಿ, ಕೊಚ್ಚಿಹೋಗುವ ಪಾಲು ಅಷ್ಟೇ. ಆದರೆ ಎತ್ತರದ ಕೊಂಬೆಗಳು ಮೊದಲೇ ತುಂಬಿ, ತಡವಾಗಿ ಬಂದ ಹಕ್ಕಿಗಳು ನೀರಂಚಿನಲ್ಲೇ ಗೂಡು ಕಟ್ಟಬೇಕಾಗಿ ಬಂದರೆ, ಅದೇ ನೆರೆ ದೊಡ್ಡ ಗುಂಪಿನಿಂದ ದೊಡ್ಡ ಪಾಲನ್ನೇ ಒಯ್ಯುತ್ತದೆ. ಆಗ ನೆರೆಯೂ ಸಾಂದ್ರತಾವಲಂಬಿ ಕಾರಣಗಳ ಸಾಲಿಗೆ ಸೇರುತ್ತದೆ.