ಬೂಸಾ ಅಂಗಡಿಯ ಮೂಲಕ ಕೊಟ್ಟಿಗೆಗೆ

100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾ. ಅದನ್ನು ಸುಮಾರು 50 ಲೀಟರ್ ನೀರಿನಲ್ಲಿ ಕರಗಿಸಿ ಪದರ ಪದರಕ್ಕೂ ಚಿಮುಕಿಸಿ, ಚೆನ್ನಾಗಿ ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಮೂರು ವಾರ ಬಿಡಬೇಕು. 1980–90ರ ದಶಕಗಳಲ್ಲಿ ಹೈನುಗಾರಿಕೆ ತರಬೇತಿಗೆ ಹೋದವರಿಗೆ ಒಣಹುಲ್ಲನ್ನು ಸತ್ವದ ಮೇವಾಗಿಸುವ ಈ ಪಾಠ ಬಾಯಿಪಾಠವಾಗಿರುತ್ತಿತ್ತು. ಗದ್ದೆಗೆ ಎರಚುವ ಯೂರಿಯಾವನ್ನು ಹಸುವಿನ ಬಾಯಿಗೆ ಹಾಕುವುದೇ ಎಂದು ಹುಬ್ಬು ಹಾರಿಸಿದವರೂ ಒಮ್ಮೆ ಮಾಡಿ ನೋಡಿದರು.

ವಿಜ್ಞಾನದಲ್ಲಿ ತಪ್ಪಿರಲಿಲ್ಲ. ಯೂರಿಯಾದಿಂದ ಹೊರಡುವ ಅಮೋನಿಯಾ ಹುಲ್ಲಿನ ಗಟ್ಟಿ ನಾರನ್ನು ಸಡಿಲಿಸುತ್ತದೆ, ಸಾರಜನಕವನ್ನೂ ಸೇರಿಸುತ್ತದೆ. ಭಾರತ ಮತ್ತು ನೆದರ್ಲೆಂಡ್ಸ್ ವಿಜ್ಞಾನಿಗಳು ಜೊತೆಗೂಡಿ ವರ್ಷಗಟ್ಟಲೆ ಇದರ ಮೇಲೆ ಕೆಲಸ ಮಾಡಿದ್ದರು. ಆದರೂ ಪ್ರಾತ್ಯಕ್ಷಿಕೆ ಮುಗಿದು ಜೀಪು ಊರು ಬಿಟ್ಟ ಮೇಲೆ ಮುಂದುವರಿಸಿದವರು ವಿರಳ. ಬಯಲಿನ ರಾಗಿ ಹುಲ್ಲು ಭತ್ತದ ಹುಲ್ಲಿಗಿಂತ ಮೊದಲೇ ಸತ್ವದ್ದು, ಅದಕ್ಕೆ ಉಪಚಾರ ಮಾಡಿ ಸಿಗುವ ಲಾಭ ಅಷ್ಟಕ್ಕಷ್ಟೇ. ಇನ್ನು ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕೊಡ ಹಿಡಿದು ನಿಲ್ಲುತ್ತಿದ್ದ ಅರಸೀಕೆರೆ ಕಡೆಯವರಿಗೆ ಹುಲ್ಲಿಗೆ ನೀರು ಚಿಮುಕಿಸುವ ಮಾತು ತಮಾಷೆಯಾಗಿ ಕೇಳಿಸಿರಬೇಕು. ನನಗೆ ದೊಡ್ಡದಾಗಿ ಕಾಣುವ ಕಾರಣ ಬೇರೆ: ಆ ಹುಲ್ಲಿನಿಂದ ಊರಿನ ಯಾರ ಅಂಗಡಿಯೂ ನಡೆಯುತ್ತಿರಲಿಲ್ಲ. ಯಾರಿಗೂ ಅದು ಹೊಟ್ಟೆಪಾಡಾಗಿರಲಿಲ್ಲ. ಹಾಗಾಗಿ ಎರಡನೆಯ ಸಲ ನೆನಪಿಸಲು ಮನೆ ಬಾಗಿಲಿಗೆ ಯಾರೂ ಬರಲಿಲ್ಲ.

ಹಾಸನ, ಚಿಕ್ಕಮಗಳೂರು ಸೀಮೆಗೆ ದನ ಹೊಸದಲ್ಲ, ಹಾಲಿನ ವ್ಯಾಪಾರ ಹೊಸದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರಿತ್ತು. ಟಿಪ್ಪು ಸುಲ್ತಾನ ಅದನ್ನು ಅಮೃತ್ ಮಹಲ್ ಎಂದು ಕರೆದ. ಹೆಸರಿನಲ್ಲಿ ಬೆಣ್ಣೆಯೂ ಅಮೃತವೂ ಇದ್ದರೂ ಸೈನ್ಯಕ್ಕೆ ಬೇಕಾಗಿದ್ದುದು ಫಿರಂಗಿ ಬಂಡಿ ಎಳೆಯುವ ಎತ್ತು. ಆ ತಳಿಯ ಕಾವಲುಗಳು, ಅಂದರೆ ದನಕ್ಕೆ ಮೀಸಲಿಟ್ಟ ಹುಲ್ಲುಗಾವಲುಗಳು, ಕಡೂರು, ಬೀರೂರು, ಅಜ್ಜಂಪುರದ ಸುತ್ತ ಇಂದಿಗೂ ಅಲ್ಲಲ್ಲಿ ಉಳಿದಿವೆ. ಅಜ್ಜಂಪುರದಲ್ಲಿ ಸರ್ಕಾರದ ತಳಿ ಸಂವರ್ಧನಾ ಕೇಂದ್ರವೇ ಇದೆ. ಹಳ್ಳಿಕಾರ್ ಕೂಡ ದುಡಿಮೆಯ ತಳಿ. ಕೊಟ್ಟಿಗೆಯಿಂದ ಮನೆಗೆ ಬರುತ್ತಿದ್ದುದು ಎತ್ತು ಮತ್ತು ಗೊಬ್ಬರ. ಹಾಲು ಮಕ್ಕಳಿಗೆ, ಮಿಕ್ಕಿದ ಮಜ್ಜಿಗೆ ನೆರೆಮನೆಗೆ. ಅಂಥ ಹಸುವಿಗೆ ಬೂಸಾ ಅಂಗಡಿ ಬೇಕಿರಲಿಲ್ಲ. ಹುಲ್ಲಿನ ಮೆದೆ, ಕಲಗಚ್ಚಿನ ಮರಿಗೆ, ಊರ ಹೊರಗಿನ ಗೋಮಾಳ ಸಾಕಿತ್ತು.

ರಾಜ್ಯದ ಸಹಕಾರಿ ಹೈನುಗಾರಿಕೆಯ ಕಥೆ 1955ರಲ್ಲಿ ಕೊಡಗಿನ ಕೂಡಿಗೆಯಿಂದ ಆರಂಭವಾಗುತ್ತದೆ. ಆದರೆ ಹಳ್ಳಿ ಹಳ್ಳಿಗೆ ಡೇರಿ ಬಂದದ್ದು 1974–75ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ದಕ್ಷಿಣದ ಜಿಲ್ಲೆಗಳಲ್ಲಿ ಹೈನು ಅಭಿವೃದ್ಧಿ ಯೋಜನೆ ಶುರುವಾದ ಮೇಲೆ. ಗುಜರಾತಿನ ಆನಂದ್‌ನಲ್ಲಿ 1946ರಿಂದ ಬೆಳೆದುಬಂದಿದ್ದ ಮಾದರಿಯನ್ನೇ ಇಲ್ಲಿ ನೆಟ್ಟರು: ಹಳ್ಳಿಗೊಂದು ಸಂಘ, ಸಂಘಗಳ ಮೇಲೊಂದು ಒಕ್ಕೂಟ. 1984ರಲ್ಲಿ ಇವೆಲ್ಲ ಕರ್ನಾಟಕ ಹಾಲು ಮಹಾಮಂಡಳದ ನೆರಳಿಗೆ ಬಂದವು. ಹಾಸನ ಒಕ್ಕೂಟದ ವ್ಯಾಪ್ತಿಗೆ ಹಾಸನದ ಜೊತೆ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳೂ ಸೇರಿದವು.

ಊರಿನ ಡೇರಿಯನ್ನು ನಾವು ಹಾಲು ಹಾಕುವ ಜಾಗ ಎಂದಷ್ಟೇ ಕಾಣುತ್ತೇವೆ. ಅದು ಹಳ್ಳಿಯ ಮೊದಲ ಹೈನು ಅಂಗಡಿಯೂ ಹೌದು. ಹಿಂಡಿ ಮಿಶ್ರಣ, ಖನಿಜ ಮಿಶ್ರಣ, ಮೇವಿನ ಬೀಜ ಅಲ್ಲೇ ಸಿಗುತ್ತಿದ್ದವು. ಮುಂಗಡ ಹಣ ಕೊಡಬೇಕಿರಲಿಲ್ಲ. ಮೂಟೆ ಹೊತ್ತು ತಂದರೆ ಅದರ ಬೆಲೆಯನ್ನು ಹಾಲಿನ ದುಡ್ಡಿನ ಬಟವಾಡೆಯಲ್ಲಿ ಮುರಿದುಕೊಳ್ಳುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತದ ಮನೆಗೂ ಇದರಿಂದ ಸಾಲ ಹುಟ್ಟಿತು, ಸಾಲ ಕೊಟ್ಟವರಿಗೆ ವಸೂಲಿಯ ತಲೆನೋವು ತಪ್ಪಿತು. ಹೊಸತನ್ನು ಹಳ್ಳಿಗೆ ತರುವ ಯಾವ ಭಾಷಣಕ್ಕಿಂತಲೂ ಈ ಮುರಿದುಕೊಳ್ಳುವ ಪದ್ಧತಿ ಹೆಚ್ಚು ಕೆಲಸ ಮಾಡಿತು ಎಂದೇ ನನ್ನ ಎಣಿಕೆ.

ಡೇರಿಯ ಮೇಜಿನ ಮೇಲಿದ್ದ, ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ಮತ್ತು ಫ್ಯಾಟ್ ನೋಡುವ ಗಾಜಿನ ನಳಿಕೆಗಳೂ ಆ ಕಾಲದ ಹೊಸ ತಂತ್ರಜ್ಞಾನವೇ. ಹಾಲಿಗೆ ಗಂಧಕಾಮ್ಲ ಬೆರೆಸಿ, ಗಿರ್ರನೆ ತಿರುಗಿಸಿ, ಮೇಲೆ ಬಂದು ನಿಂತ ಜಿಡ್ಡಿನ ಗೆರೆ ಓದುವ ಗರ್ಬರ್ ವಿಧಾನವನ್ನು ಎಸ್ಸೆಸ್ಸೆಲ್ಸಿ ಓದಿದ ಹುಡುಗರು ಕಲಿತರು. ಹಸುವಿನ ಹಾಲಿಗೆ ಶೇಕಡಾ 3.5 ಫ್ಯಾಟ್, 8.5 ಜಿಡ್ಡೇತರ ಘನಾಂಶ ಎಂಬ ಲೆಕ್ಕ ಓದು ಬಾರದ ಅಜ್ಜಿಯರ ಬಾಯಲ್ಲೂ ನಲಿದಾಡತೊಡಗಿತು. ಈಗ ಅದೇ ಮೇಜಿನ ಮೇಲೆ ಗಣಕೀಕೃತ ಯಂತ್ರ ಕುಳಿತು ಚೀಟಿ ಹೊರಹಾಕುತ್ತದೆ. ‘ಡಿಗ್ರಿ ಕಮ್ಮಿ ಬಂತು’ ಎಂಬ ಜಗಳ ಮಾತ್ರ ಯಂತ್ರ ಬದಲಾದರೂ ನಿಂತಿಲ್ಲ.

ಎಲ್ಲಕ್ಕಿಂತ ದೊಡ್ಡ ಪಲ್ಲಟ ತಂದದ್ದು ಕೃತಕ ಗರ್ಭಧಾರಣೆ. ಊರವರ ಮಾತಿನಲ್ಲಿ ಅದು ಬರೀ ‘ಇಂಜೆಕ್ಷನ್’. ವಿದೇಶಿ ತಳಿಯ ಹೋರಿಯ ವೀರ್ಯ ತುಂಬಿದ ಕಡ್ಡಿಗಳು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿರಬೇಕು. ಜಾಡಿಯಲ್ಲಿ ಸಾರಜನಕ ಬತ್ತಿದರೆ ಒಳಗಿನ ತಳಿಸಂಪತ್ತೆಲ್ಲ ಮಣ್ಣು. ಇತ್ತ ಹಸು ಬೆದೆಯಲ್ಲಿರುವುದು 12ರಿಂದ 18 ಗಂಟೆ. ಬೆಳಿಗ್ಗೆ ಕೂಗಿದ ಹಸುವಿಗೆ ಸಂಜೆ, ಸಂಜೆ ಕೂಗಿದ್ದಕ್ಕೆ ಮರುದಿನ ಬೆಳಿಗ್ಗೆ ಕೊಡಿಸಬೇಕು. ತಪ್ಪಿದರೆ ಮತ್ತೆ 21 ದಿನ ಕಾಯಬೇಕು, ಅಷ್ಟೂ ದಿನದ ಮೇವು ದಂಡ. ತಾಲ್ಲೂಕು ಕೇಂದ್ರದ ಆಸ್ಪತ್ರೆಯಲ್ಲಿ ಎಷ್ಟೇ ನಿಪುಣರು ಇದ್ದರೂ ಈ ಗಡಿಯಾರಕ್ಕೆ ಹೊಂದುವುದು ಕಷ್ಟ. ಸಂಘಗಳು ಊರಿನ ಹುಡುಗರಿಗೇ ತರಬೇತಿ ಕೊಟ್ಟು ಜಾಡಿ ವಹಿಸಿದಾಗ, ಪಕ್ಕದ ತಿಪಟೂರಿನ ಕಡೆ ಬೈಫ್ ಎಂಬ ಸ್ವಯಂಸೇವಾ ಸಂಸ್ಥೆಯವರು ಮನೆ ಬಾಗಿಲಿಗೇ ಬಂದು ಕೊಡುವ ಪದ್ಧತಿ ರೂಢಿಸಿದಾಗ ಅದು ಹೊಂದಿತು. ಸೈಕಲ್ಲಿನಲ್ಲಿ, ಆಮೇಲೆ ಮೋಟಾರ್ ಬೈಕಿನಲ್ಲಿ ಬಂದವರು ಇಂಜೆಕ್ಷನ್ ಕೊಟ್ಟು ಹೋಗುವಷ್ಟರಲ್ಲಿ ಇನ್ನೂ ನಾಲ್ಕು ಮಾತು ಹೇಳಿ ಹೋಗುತ್ತಿದ್ದರು: ಕರುವಿಗೆ ಜಂತುಹುಳುವಿನ ಔಷಧ ಹಾಕಿದಿರಾ, ಹಸು ಸೊರಗಿದೆಯಲ್ಲ, ಖನಿಜ ಮಿಶ್ರಣ ತರಿಸಬಾರದೇ?

ಹೀಗೆ ಹುಟ್ಟಿದ ಸೀಮೆ ಹಸು ತನ್ನ ಹಿಂದೆಯೇ ಒಂದು ಮಾರುಕಟ್ಟೆಯನ್ನು ಎಳೆದು ತಂದಿತು. ಹತ್ತು ಹನ್ನೆರಡು ಲೀಟರ್ ಕೊಡುವ ಹಸು ಕಲಗಚ್ಚಿನಲ್ಲಿ ಬದುಕುವುದಿಲ್ಲ. ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಹಿಂಡಿ ಮಿಶ್ರಣ, ಮೈ ಉಳಿಸಿಕೊಳ್ಳಲು ಮೇಲೊಂದೆರಡು ಕಿಲೋ, ದಿನಕ್ಕೆ 25–30 ಕಿಲೋ ಹಸಿಮೇವು ಬೇಕು. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡಿನ ಪೇಟೆಗಳಲ್ಲಿ ಬೂಸಾ ಅಂಗಡಿಗಳು ಸಾಲುಗಟ್ಟಿದ್ದು ಹೀಗೆ. ಗೋಧಿ ಬೂಸಾ, ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ, ತೆಂಗಿನ ಸೀಮೆಯಾದ್ದರಿಂದ ಕೊಬ್ಬರಿ ಹಿಂಡಿ. ಮೊಳೆಗೆ ನೇತುಹಾಕಿದ ಮೂಗುದಾರ, ಹಗ್ಗ, ಗಂಟೆ. ಗಲ್ಲಾಪೆಟ್ಟಿಗೆಯ ಪಕ್ಕ ದಾರ ಕಟ್ಟಿದ ಪೆನ್ನು, ಸಾಲದ ಪುಸ್ತಕ. ಹಾಲಿನ ದುಡ್ಡು ಬಂದ ದಿನ ಒಂದಿಷ್ಟು ಜಮೆ, ಮತ್ತೆ ಎರಡು ಮೂಟೆ ಸಾಲ. ಹಸು ಮೇವು ಬಿಟ್ಟರೆ ಮೊದಲು ಕೇಳುವುದು ಇದೇ ಅಂಗಡಿಯವರನ್ನು. ವೈದ್ಯರಿಗೆ ಫೋನ್ ಹೋಗುವುದು ಆಮೇಲೆ.

2008ರಲ್ಲಿ ರಾಜ್ಯ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಕೊಡತೊಡಗಿತು. 2013ರಲ್ಲಿ ಅದು 4, 2016ರಲ್ಲಿ 5 ರೂಪಾಯಿಯಾಯಿತು. ಮಳೆ ನಂಬಿದ ಬೆಳೆಗಿಂತ ಹಾಲಿನ ದುಡ್ಡು ಖಚಿತ ಎಂಬ ಭಾವನೆ ಬಲಿತ ಈ ವರ್ಷಗಳಲ್ಲೇ ಕೊಟ್ಟಿಗೆಗೆ ಯಂತ್ರಗಳು ಬಂದವು. ಮೇವು ಕತ್ತರಿಸುವ ಯಂತ್ರ ಗೆದ್ದಿತು. ಕತ್ತರಿಸದೆ ಹಾಕಿದ ಜೋಳದ ದಂಟಿನಲ್ಲಿ ಎಷ್ಟು ಭಾಗ ಸಗಣಿಯ ಜೊತೆ ತಿಪ್ಪೆ ಸೇರುತ್ತದೆ ಎಂಬುದು ಕಸ ಬಾಚುವ ಕೈಗೆ ಗೊತ್ತು. ಅಲಗು ಮೊಂಡಾದರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಸಾಣೆ ಹಿಡಿಸಬಹುದು, ಮೋಟಾರು ಸುಟ್ಟರೆ ಪಂಪ್‌ಸೆಟ್ ರಿಪೇರಿಯವರೇ ಸುತ್ತಿ ಕೊಡುತ್ತಾರೆ. ಬೆರಳು ಕಳೆದುಕೊಂಡವರೂ ಇದ್ದಾರೆ. ಅದನ್ನು ಮಾರುವಾಗ ಯಾರೂ ಹೇಳುವುದಿಲ್ಲ.

ಹಾಲು ಕರೆಯುವ ಯಂತ್ರದ ಪಾಡು ಬೇರೆ. ನನ್ನ ಬಂಧುಗಳ ಮನೆಯೊಂದರಲ್ಲಿ ಸಬ್ಸಿಡಿಯಲ್ಲಿ ತಂದ ಯಂತ್ರ ಒಂದು ವರ್ಷ ತುಂಬುವುದರೊಳಗೆ ಅಟ್ಟ ಸೇರಿತ್ತು. ಕೆಚ್ಚಲಿಗೆ ಹಿಡಿಯುವ ಬಟ್ಟಲಿನೊಳಗಿನ ರಬ್ಬರ್ ಕೊಳವೆ ಸವೆದು ಸೀಳು ಬಿಟ್ಟಿತ್ತು. ಕಾಲಕಾಲಕ್ಕೆ ಬದಲಿಸಲೇಬೇಕಾದ ಸಾಮಾನು ಅದು. ಸವೆದದ್ದನ್ನೇ ಹಾಕಿದರೆ ಮೊಲೆ ನೋಯುತ್ತದೆ, ಕೆಚ್ಚಲು ಬಾವು ಬರುತ್ತದೆ. ಮಾರಿದವರು ದೂರದೂರಿನವರು, ಫೋನ್ ಎತ್ತುತ್ತಿರಲಿಲ್ಲ. ನಾಲ್ಕು ಹಸುವಿನ ಹಾಲನ್ನು ಮತ್ತೆ ಕೈಯಲ್ಲೇ ಕರೆಯುತ್ತಿದ್ದ ಅತ್ತಿಗೆಯ ಬೆರಳ ಗಿಣ್ಣುಗಳ ನೋವು ಯಾವ ಅಂಕಿಅಂಶದಲ್ಲೂ ಸೇರುವುದಿಲ್ಲ. ಮೂರು ವರ್ಷದ ಮೇಲೆ ಪೇಟೆಯ ಬೂಸಾ ಅಂಗಡಿಯೊಂದು ಆ ರಬ್ಬರ್ ಕೊಳವೆಗಳನ್ನು ಮಾರಾಟಕ್ಕಿಟ್ಟಿತು. ಅಟ್ಟದ ಯಂತ್ರ ಕೆಳಗಿಳಿಯಿತು. ಸಬ್ಸಿಡಿ ಲೆಕ್ಕ ಬರೆಯುವವರು ಯಂತ್ರಗಳನ್ನು ಎಣಿಸುತ್ತಾರೆ. ಎಣಿಸಬೇಕಾದ್ದು ಕೊಳವೆ ಸಿಗುವ ಅಂಗಡಿಗಳನ್ನು.

ಸೈಲೇಜ್ ಎಂಬ ರಸಮೇವಿನ ಕಥೆ ಇನ್ನೂ ಸ್ವಾರಸ್ಯದ್ದು. ಗುಂಡಿ ತೋಡಿ, ಹಸಿಮೇವು ಕತ್ತರಿಸಿ ತುಂಬಿ, ತುಳಿದು ಮುಚ್ಚಿ, ಒಂದೂವರೆ ತಿಂಗಳು ಹುಳಿ ಬರಿಸುವ ವಿದ್ಯೆ ಹಳೆಯ ಕೈಪಿಡಿಗಳಲ್ಲೆಲ್ಲ ಇದೆ. ಗುಂಡಿಗೂ ಸಹಾಯಧನ ಬಂತು. ಆದರೆ ಎರಡು ಹಸುವಿನ ಮನೆಯ ಲೆಕ್ಕಕ್ಕೆ ಅದು ಕೂಡಿಬರಲಿಲ್ಲ. ಗುಂಡಿಯನ್ನು ಒಂದೆರಡು ದಿನದಲ್ಲಿ ತುಂಬಿಬಿಡಬೇಕು, ಅಷ್ಟು ಆಳು ಎಲ್ಲಿ? ತೆರೆದ ಮೇಲೆ ದಿನವೂ ಒಂದು ಪದರ ಪೂರ್ತಿ ತೆಗೆಯಬೇಕು. ಎರಡು ಹಸು ಅಷ್ಟನ್ನು ತಿನ್ನಲಾರವು, ಗಾಳಿ ತಾಗಿದ ಮೇವಿಗೆ ಬೂಷ್ಟು ಹಿಡಿಯುತ್ತದೆ. ತಂತ್ರ ಒಳ್ಳೆಯದೇ, ಅಳತೆ ಮಾತ್ರ ದೊಡ್ಡ ರೈತರದು.

ಆ ಅಳತೆಯನ್ನು ಒಡೆದದ್ದು ವ್ಯಾಪಾರಿಗಳು. ಹಾಸನದ ಆಲೂಗಡ್ಡೆಗೆ ಅಂಗಮಾರಿ ಬಡಿದು, ಖರ್ಚೂ ಹೆಚ್ಚಿ ಅನೇಕರು ಮುಸುಕಿನ ಜೋಳಕ್ಕೆ ತಿರುಗಿದ್ದರು. ಕಾಳಿಗೆ ಬೆಲೆ ಬೀಳುವ ಭಯ ಸದಾ ಇತ್ತು. ತೆನೆ ಹಾಲುಗಟ್ಟಿ ಬಲಿಯುವ ಹೊತ್ತಿನಲ್ಲಿ, ಅಂದರೆ 80–90 ದಿನಕ್ಕೆ, ಬೆಳೆಯನ್ನು ನಿಂತ ನಿಲುವಿನಲ್ಲೇ ಕೊಳ್ಳುವವರು ಬಂದರು. ಕಟಾವು ಅವರದು, ಸಾಗಣೆ ಅವರದು. ಬೆಳೆದವರಿಗೆ ಹೊಲ ಒಂದು ತಿಂಗಳು ಮೊದಲೇ ಖಾಲಿಯಾಯಿತು. ಕೊಂಡವರು ಅದನ್ನು ಪುಡಿ ಮಾಡಿ, ಒತ್ತಿ, ಗಾಳಿಯಾಡದ ಚೀಲಗಳಲ್ಲಿ ಬಿಗಿದು ಮೂಟೆ ಲೆಕ್ಕದಲ್ಲಿ ಮಾರಿದರು. ಒಂದು ಮೂಟೆ ಎರಡು ಹಸುವಿಗೆ ಎರಡು ಮೂರು ದಿನ. ಮುಗಿದ ಮೇಲೆ ಇನ್ನೊಂದನ್ನು ಬಿಚ್ಚಿದರಾಯಿತು, ಕೆಡುವ ಮಾತಿಲ್ಲ. ಗುಂಡಿಯ ಪಾಠವನ್ನು ಕೇಳಿ ಕೇಳಿ ಬಿಟ್ಟಿದ್ದ ಮನೆಗಳೇ ಈಗ ಬೇಸಿಗೆಗೆ ಮುಂಚೆ ಮೂಟೆ ಬರೆಸುತ್ತವೆ. ಜಮೀನೇ ಇಲ್ಲದವರೂ ಹಸು ಕಟ್ಟಲು ಧೈರ್ಯ ಮಾಡುತ್ತಾರೆ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಅಂಗಡಿಯವರಿಗೆ ಹಾರ ಹಾಕಬೇಕಾಗಿಲ್ಲ. ಸಲಹೆ ಕೊಡುವವರೂ ಮಾರುವವರೂ ಒಬ್ಬರೇ ಆದಾಗ ಯಾವ ಹಸುವಿಗೂ ‘ಏನೂ ಬೇಡ’ ಎಂಬ ಸಲಹೆ ಸಿಗುವುದಿಲ್ಲ. ಕೆಚ್ಚಲಿಗೆ ಏರಿಸುವ ಆ್ಯಂಟಿಬಯೋಟಿಕ್ ಟ್ಯೂಬು ವೈದ್ಯರ ಚೀಟಿಯಿಲ್ಲದೆ ಕೈ ಬದಲಾಗುತ್ತದೆ. ಔಷಧ ಹಾಕಿದ ಮೇಲೆ ಇಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದು ಎಂಬ ಮಾತು ಗಲ್ಲಾ ದಾಟಿ ಹೊರಗೆ ಬರುವುದು ಅಪರೂಪ. ಬೂಷ್ಟು ಹಿಡಿದ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಹಾಲಿಗೂ ಇಳಿಯುತ್ತದೆ. ಕಿಲೋ ಹಾಲಿನಲ್ಲಿ 0.5 ಮೈಕ್ರೋಗ್ರಾಂ ದಾಟಬಾರದೆಂಬ ಕಾನೂನಿದ್ದರೂ ಹಳ್ಳಿ ಡೇರಿಯ ಫ್ಯಾಟ್ ಯಂತ್ರ ಅದನ್ನು ಕಾಣಲಾರದು. ಸಾಲದ ಪುಸ್ತಕದಲ್ಲಿ ಬಾಕಿ ಇರುವವರು ಮೂಟೆ ಕಮಟು ವಾಸನೆ ಬಂದರೂ ವಾಪಸು ಮಾಡಲು ಹಿಂಜರಿಯುತ್ತಾರೆ.

ಅಂಗಡಿಯ ಕೈಗೆ ಸಿಗದ ತಂತ್ರಜ್ಞಾನಗಳೂ ಇವೆ. 2013ರಲ್ಲಿ ಕಾಲುಬಾಯಿ ರೋಗ ರಾಜ್ಯದಲ್ಲಿ ಸಾವಿರಾರು ರಾಸುಗಳನ್ನು ಕೊಂದಾಗ, 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಬೇಕಾಗಿದ್ದುದು ಊರಿನ ಒಂದೂ ರಾಸು ಬಿಡದಂತೆ ಲಸಿಕೆ. ನನ್ನ ಹಸುವಿಗೆ ಹಾಕಿಸಿದ ಲಸಿಕೆಯಿಂದ ಅರ್ಧ ಲಾಭ ನೆರೆಮನೆಯ ಹಸುವಿಗೆ. ಅಂಥದ್ದಕ್ಕೆ ನಾನೊಬ್ಬನೇ ದುಡ್ಡು ಬಿಚ್ಚುವುದಿಲ್ಲ, ಆದ್ದರಿಂದ ಅದನ್ನು ಮಾರಲು ಯಾರೂ ಅಂಗಡಿ ತೆರೆಯುವುದಿಲ್ಲ. ಅಲ್ಲಿ ಪಶುಪಾಲನಾ ಇಲಾಖೆಯೇ ಬರಬೇಕು, ತಂಪುಪೆಟ್ಟಿಗೆ ಹೊತ್ತು ಮನೆ ಮನೆ ಹತ್ತಬೇಕು.

ಈಗ ಹೆಣ್ಣುಗರುವನ್ನೇ ಹೆಚ್ಚುಪಾಲು ಕೊಡುವ, ಲಿಂಗ ವಿಂಗಡಿಸಿದ ವೀರ್ಯದ ಕಡ್ಡಿ ಬಂದಿದೆ. ಗಂಡುಗರುವನ್ನು ಏನು ಮಾಡುವುದೆಂಬ ಚಿಂತೆ ಇರುವ ಮನೆಗಳಿಗೆ ಅದರ ಆಸೆ ಇದೆ. ಬೆಲೆ ಹೆಚ್ಚು, ಗಬ್ಬ ನಿಲ್ಲುವ ಸಾಧ್ಯತೆ ಸಾಮಾನ್ಯ ಕಡ್ಡಿಗಿಂತ ಕಡಿಮೆ. ಬೆದೆಯ ಹೊತ್ತು ಸರಿಯಾಗಿ ಹಿಡಿಯುವ ಕೈ ಇಲ್ಲದಿದ್ದರೆ ದುಡ್ಡು ನೀರುಪಾಲು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬಯಲಿನ ಮಾತು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಹತ್ತಿದರೆ ಲೆಕ್ಕ ತಲೆಕೆಳಗು. ಮನೆಯಿಂದ ಮನೆಗೆ ಒಂದು ಗುಡ್ಡ, ಮಳೆಗಾಲದಲ್ಲಿ ಹಾಲಿನ ವಾಹನ ತಲುಪಿದರೆ ತಲುಪಿತು. ಇಪ್ಪತ್ತು ಗಿರಾಕಿಗಳನ್ನು ನಂಬಿ ಅಲ್ಲಿ ಬೂಸಾ ಅಂಗಡಿ ನಡೆಯದು, ಇಂಜೆಕ್ಷನ್ ಕೊಡುವವರ ಬೈಕಿನ ಪೆಟ್ರೋಲ್ ಖರ್ಚೂ ಹುಟ್ಟದು. ಬಯಲಿನ ಸೈಲೇಜ್ ಮೂಟೆ ಘಟ್ಟ ಹತ್ತುವಷ್ಟರಲ್ಲಿ ಲಾರಿ ಬಾಡಿಗೆ ಸೇರಿ ಭಾರವಾಗುತ್ತದೆ. ದಿನಕ್ಕೆ ಒಂದೆರಡು ಲೀಟರ್ ಕೊಡುವ ಮಲೆನಾಡು ಗಿಡ್ಡ ಅದಕ್ಕೆ ಕಾಯುವುದೂ ಇಲ್ಲ. ಕಾಫಿ ತೋಟದವರಿಗೆ ಅದರ ಹಾಲಿಗಿಂತ ಗೊಬ್ಬರ ಮುಖ್ಯ. ಅದು ಜಡಿಮಳೆಯಲ್ಲೇ ರಸ್ತೆಯಂಚಿನ ಹುಲ್ಲು ಮೇಯ್ದು, ಸಂಜೆ ಯಾರೂ ಕರೆಯದಿದ್ದರೂ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಲ್ಲುತ್ತದೆ.